ಎಚ್‌ಎಎಲ್ ವಿಮಾನ ನಿಲ್ದಾಣ: ರನ್‌ವೇ ಇದೆ, ವಿಮಾನ ಹಾರುತ್ತಿವೆ, ಟಿಕೆಟ್ ಮಾತ್ರ ಯಾಕಿಲ್ಲ?

ಪ್ರಶ್ನೆ | ದೊಮ್ಮಲೂರು ಜಂಕ್ಷನ್

ಹಳೇ ಏರ್‌ಪೋರ್ಟ್ ರೋಡ್ ಅಂತ ಇವತ್ತಿಗೂ ಕರೀತೀವಿ. ಆದರೆ ಮುರುಗೇಶಪಾಳ್ಯ, ಯಮಲೂರು ಕಡೆ ತಲೆಯೆತ್ತಿ ನೋಡಿದರೆ ತೇಜಸ್, ಹೆಲಿಕಾಪ್ಟರ್, ಸಣ್ಣ ಜೆಟ್ ಎಲ್ಲ ಹಾರುತ್ತಲೇ ಇರುತ್ತವೆ. ಪ್ರಧಾನಿಯವರ ವಿಮಾನವೂ ಎಷ್ಟೋ ಸಲ ಅಲ್ಲೇ ಇಳಿಯುತ್ತೆ. ಹಾಗಾದರೆ 2008ರಲ್ಲಿ ಮುಚ್ಚಿದ್ದು ಏನನ್ನು?

ಇದರ ಚರಿತ್ರೆ ಬಗ್ಗೆ ಓದಿದ್ದು ಒಂದಕ್ಕೊಂದು ತಾಳೆಯಾಗ್ತಿಲ್ಲ. ಬ್ರಿಟಿಷರು ಕಟ್ಟಿದ್ದು ಅಂತ ಒಬ್ಬರು, ಮೈಸೂರು ಸಂಸ್ಥಾನದ್ದು ಅಂತ ಇನ್ನೊಬ್ಬರು, ಅಮೆರಿಕನ್ನರ ನೆಲೆಯಾಗಿತ್ತು ಅಂತ ಮತ್ತೊಬ್ಬರು. 1990ರ ಅಪಘಾತ ಆಗಿದ್ದು ರನ್‌ವೇ ಗಿಡ್ಡ ಇದ್ದಿದ್ದಕ್ಕೆ, ಅದಕ್ಕೇ ದೇವನಹಳ್ಳಿಗೆ ಹೋದರು ಅನ್ನುವ ಮಾತೂ ಇದೆ. ಇದರಲ್ಲಿ ಯಾವುದು ನಿಜ? ಮತ್ತೆ ಅಲ್ಲಿಂದ ಹುಬ್ಬಳ್ಳಿ, ಮಂಗಳೂರಿಗೆ ವಿಮಾನ ಬಿಡೋಕೆ ಏನು ಅಡ್ಡಿ? ಇನ್ನೊಂದು, ಸುತ್ತಮುತ್ತ ಮನೆ ಕಟ್ಟುವವರಿಗೆ ಇವತ್ತಿಗೂ ಎತ್ತರದ ಮಿತಿ ಅಂತಾರಲ್ಲ, ಮುಚ್ಚಿದ ನಿಲ್ದಾಣಕ್ಕೆ ಯಾತಕ್ಕೆ ಮಿತಿ? ವಿಷಯ ಗೊತ್ತಿರುವವರು ಬಿಡಿಸಿ ಹೇಳಿ.

ಉತ್ತರ | ಹ್ಯಾಂಗರ್ ಬಾಗಿಲು

ಒಂದು ವಿಷಯ ಮೊದಲು ತಲೆಯಲ್ಲಿಟ್ಟುಕೊಂಡರೆ ಉಳಿದ ಗಂಟುಗಳೆಲ್ಲ ಸಡಿಲವಾಗುತ್ತವೆ. ಅದು ವಿಮಾನ ಕಾರ್ಖಾನೆಯ ರನ್‌ವೇ. ನಾಗರಿಕ ವಿಮಾನಯಾನ ಅಲ್ಲಿ ಬಾಡಿಗೆಗಿತ್ತು. 2008ರಲ್ಲಿ ಖಾಲಿ ಮಾಡಿದ್ದು ಬಾಡಿಗೆದಾರ, ಮನೆಯವರಲ್ಲ.

ಕೈಗಾರಿಕೋದ್ಯಮಿ ವಾಲ್‌ಚಂದ್ ಹೀರಾಚಂದ್ ವಿಮಾನ ಕಾರ್ಖಾನೆಗೆ ಜಾಗ ಹುಡುಕುತ್ತಿದ್ದಾಗ ಮೈಸೂರು ಸಂಸ್ಥಾನ ಮುಂದೆ ಬಂತು. ಆಗ ದಿವಾನರಾಗಿದ್ದವರು ಸರ್ ಮಿರ್ಜಾ ಇಸ್ಮಾಯಿಲ್. 1940ರ ಡಿಸೆಂಬರ್ 23ರಂದು ಹಿಂದೂಸ್ತಾನ್ ಏರ್‌ಕ್ರಾಫ್ಟ್ ಲಿಮಿಟೆಡ್ ನೋಂದಣಿಯಾಯಿತು. ಭೂಮಿ ಕೊಟ್ಟಿದ್ದು ಸಂಸ್ಥಾನ, ಬಂಡವಾಳದಲ್ಲೂ ಅದರ ಪಾಲಿತ್ತು. ಯಂತ್ರಗಳನ್ನೂ ತಂತ್ರಜ್ಞರನ್ನೂ ಅಮೆರಿಕದಿಂದ ತರಿಸಿದವರು ವಿಲಿಯಂ ಪಾಲಿ. ಭಾರತ ಸರ್ಕಾರ 1941ರ ಮಾರ್ಚ್‌ನಲ್ಲಿ ಷೇರುದಾರನಾಗಿ ಸೇರಿತು. ಜಪಾನ್ ಯುದ್ಧ ಬಂಗಾಳ ಕೊಲ್ಲಿಯ ತನಕ ಬಂದ ಮೇಲೆ, 1942ರಲ್ಲಿ, ಆಡಳಿತವನ್ನೇ ಕೈಗೆ ತೆಗೆದುಕೊಂಡಿತು. 1943ರಲ್ಲಿ ಕಾರ್ಖಾನೆಯನ್ನು ಅಮೆರಿಕದ ಸೇನಾ ವಾಯುಪಡೆಗೆ ಒಪ್ಪಿಸಿದರು. ಚೀನಾ–ಬರ್ಮಾ–ಭಾರತ ರಣರಂಗದ ವಿಮಾನಗಳಿಗೆ ಇದು ದೊಡ್ಡ ದುರಸ್ತಿ ಡಿಪೊ ಆಯಿತು. ನೀರಿನ ಮೇಲೆ ಇಳಿಯುವ ಕ್ಯಾಟಲಿನಾಗಳು ರಿಪೇರಿಗೆ ಬಂದಾಗ ಬೆಳ್ಳಂದೂರು ಕೆರೆಯಲ್ಲಿ ಇಳಿಯುತ್ತಿದ್ದವು. ಈಗಿನ ಬೆಳ್ಳಂದೂರು ಕೆರೆ ನೋಡಿದವರಿಗೆ ನಂಬೋದು ಕಷ್ಟ, ಆದರೆ ಆಗ ಅದು ನೊರೆಯಿಲ್ಲದ ವಿಶಾಲ ನೀರು. ಹೀಗಾಗಿ ನೀವು ಕೇಳಿದ ಮೂರು ಮಾತಿನಲ್ಲೂ ಒಂದೊಂದು ಚೂರು ನಿಜವಿದೆ.

ಯುದ್ಧ ಮುಗಿದ ಮೇಲೆ ಕೆಲಸವೇ ಇಲ್ಲದಂತಾಗಿ ಎಚ್‌ಎಎಲ್ ರೈಲು ಬೋಗಿಗಳನ್ನು ಕಟ್ಟಿತು. ಆ ವಿಭಾಗವೇ 1964ರಲ್ಲಿ ಬೇರೆಯಾಗಿ ಬಿಇಎಂಎಲ್ ಆಗಿದ್ದು. ಅದೇ ವರ್ಷ ಅಕ್ಟೋಬರ್ 1ರಂದು ಕಂಪನಿ ಈಗಿನ ಹಿಂದೂಸ್ತಾನ್ ಏರೋನಾಟಿಕ್ಸ್ ಎಂಬ ಹೆಸರು ಪಡೆಯಿತು. ವಿ.ಎಂ. ಘಾಟಗೆ ಅವರ ವಿನ್ಯಾಸದ ಎಚ್‌ಟಿ–2 ತರಬೇತಿ ವಿಮಾನ 1951ರಲ್ಲಿ ಹಾರಿದ್ದು ಇಲ್ಲಿಂದ. ಜರ್ಮನಿಯ ಕರ್ಟ್ ಟ್ಯಾಂಕ್ ರೂಪಿಸಿದ ಯುದ್ಧವಿಮಾನ ಎಚ್‌ಎಫ್–24 ಮಾರುತ್ 1961ರ ಜೂನ್ 17ರಂದು, ಧ್ರುವ್ ಹೆಲಿಕಾಪ್ಟರ್ 1992ರಲ್ಲಿ, ತೇಜಸ್ 2001ರ ಜನವರಿ 4ರಂದು ಮೊದಲು ಮೇಲೇರಿದ್ದೂ ಇಲ್ಲಿಂದಲೇ. ಹಳೇ ಮದ್ರಾಸ್ ರಸ್ತೆಯಿಂದ ಬರುವ ಸುರಂಜನ್ ದಾಸ್ ರಸ್ತೆ ಇದೆಯಲ್ಲ, ಅದು ಮಾರುತ್‌ನ ಪರೀಕ್ಷಾ ಪೈಲಟ್ ಹೆಸರು. 1970ರ ಜನವರಿಯಲ್ಲಿ ಮಾರುತ್‌ನ ಇನ್ನೊಂದು ಮಾದರಿಯ ಪರೀಕ್ಷೆಯಲ್ಲಿ ಅವರು ತೀರಿಕೊಂಡರು. ವಾಯುಪಡೆಯ ಪರೀಕ್ಷಾ ಪೈಲಟ್‌ಗಳನ್ನು ತಯಾರು ಮಾಡುವ ಸಂಸ್ಥೆಯೂ ಇದೇ ರನ್‌ವೇಯ ಪಕ್ಕದಲ್ಲಿದೆ.

ಇಷ್ಟೆಲ್ಲ ನಡೆಯುತ್ತಿದ್ದ ಜಾಗದ ಒಂದು ಮೂಲೆಯಲ್ಲಿ ನಾಗರಿಕ ಟರ್ಮಿನಲ್ ಇತ್ತು. ಟರ್ಮಿನಲ್ ವಿಮಾನ ನಿಲ್ದಾಣ ಪ್ರಾಧಿಕಾರದ್ದು. ರನ್‌ವೇ ಮತ್ತು ವಾಯು ಸಂಚಾರ ನಿಯಂತ್ರಣ ಗೋಪುರ ಎಚ್‌ಎಎಲ್‌ನದ್ದು. ಬೆಂಗಳೂರಿನ ಸಾಫ್ಟ್‌ವೇರ್ ಕಂಪನಿಗಳ ಜೊತೆಗೆ ಪ್ರಯಾಣಿಕರೂ ಹೆಚ್ಚಿದರು. 2003ರ ನಂತರ ಏರ್ ಡೆಕ್ಕನ್ ತರಹದ ಅಗ್ಗದ ಟಿಕೆಟ್‌ಗಳು ಬಂದವು. ಮುಚ್ಚುವ ಹೊತ್ತಿಗೆ ವರ್ಷಕ್ಕೆ ಸುಮಾರು 1 ಕೋಟಿ ಪ್ರಯಾಣಿಕರು ಆ ಕಟ್ಟಡದಲ್ಲಿ ಹಾದುಹೋಗುತ್ತಿದ್ದರು. ಟರ್ಮಿನಲ್ ಕಟ್ಟಿದ್ದು ಅದರ ಅರ್ಧದಷ್ಟು ಜನಕ್ಕೂ ಅಲ್ಲ. ಹಿಗ್ಗಿಸೋಣವೆಂದರೆ ಒಂದು ಕಡೆ ರಸ್ತೆ, ಇನ್ನೊಂದು ಕಡೆ ರನ್‌ವೇ, ಉಳಿದ ಕಡೆ ರಕ್ಷಣಾ ಜಾಗ.

ಉತ್ತರ | ರನ್‌ವೇ 27

ಮೇಲಿನವರು ಚರಿತ್ರೆ ಹೇಳಿದ್ದಾರೆ, ನಾನು ರನ್‌ವೇ ಮತ್ತು ಅಪಘಾತದ ಬಗ್ಗೆ ಮಾತ್ರ ಬರೀತೀನಿ. "ರನ್‌ವೇ ಗಿಡ್ಡ" ಅನ್ನೋದು ಶುದ್ಧ ತಪ್ಪು.

ಉದ್ದ 3,306 ಮೀಟರ್, ಅಂದರೆ 10,850 ಅಡಿ. ಅಗಲ 61 ಮೀಟರ್. ದಿಕ್ಕು ಪೂರ್ವ–ಪಶ್ಚಿಮ, ಸಂಖ್ಯೆ 09/27: ಪೂರ್ವಕ್ಕೆ ಮುಖ ಮಾಡಿ ಇಳಿದರೆ 09, ಪಶ್ಚಿಮಕ್ಕಾದರೆ 27. ಮುಂಗಾರಿನಲ್ಲಿ ಗಾಳಿ ಪಶ್ಚಿಮದಿಂದ ಬೀಸುವುದರಿಂದ ವಿಮಾನಗಳು ಮಾರತಹಳ್ಳಿ ಕಡೆಯಿಂದ 27ಕ್ಕೆ ಇಳಿಯುತ್ತವೆ. ಚಳಿಗಾಲದಲ್ಲಿ ಪೂರ್ವದ ಗಾಳಿ, ಆಗ ನಗರದ ಮೇಲಿಂದ, ಗಾಲ್ಫ್ ಮೈದಾನ ದಾಟಿ 09ಕ್ಕೆ.

1990ರ ಫೆಬ್ರವರಿ 14. ಮುಂಬಯಿಯಿಂದ ಬಂದ ಇಂಡಿಯನ್ ಏರ್‌ಲೈನ್ಸ್ 605, ಹೊಚ್ಚ ಹೊಸ ಏರ್‌ಬಸ್ ಎ320. ಆಕಾಶ ತಿಳಿಯಾಗಿತ್ತು, ಮಧ್ಯಾಹ್ನದ ಹೊತ್ತು, ಪೈಲಟ್‌ಗಳಿಗೆ ರನ್‌ವೇ ಕಣ್ಣಿಗೆ ಕಾಣುತ್ತಿತ್ತು. ವಿಮಾನ ನೆಲ ಮುಟ್ಟಿದ್ದು ರನ್‌ವೇ 09ಕ್ಕೆ ಸುಮಾರು 2,300 ಅಡಿ ಮೊದಲು, ಕರ್ನಾಟಕ ಗಾಲ್ಫ್ ಅಸೋಸಿಯೇಷನ್ ಮೈದಾನದಲ್ಲಿ. ಅಲ್ಲಿಂದ ಪುಟಿದು ನಾಲೆಯ ಪಕ್ಕದ ಏರಿಗೆ ಬಡಿಯಿತು, ಎಂಜಿನ್ ಮತ್ತು ಚಕ್ರಗಳು ಕಿತ್ತುಹೋದವು, ಬೆಂಕಿ ಹತ್ತಿತು. 146 ಜನರಲ್ಲಿ 92 ಮಂದಿ ಸತ್ತರು. ರನ್‌ವೇ ತಲುಪುವ ಮೊದಲೇ ಬಿದ್ದ ವಿಮಾನಕ್ಕೆ ರನ್‌ವೇ ಉದ್ದ ಎಷ್ಟಿದ್ದರೇನು?

ಆಗಿದ್ದು ಇದು. ಎ320ಯಲ್ಲಿ ಇಳಿಯುವಾಗ ಆಟೋಥ್ರಸ್ಟ್, ಅಂದರೆ ಎಂಜಿನ್ ಶಕ್ತಿಯನ್ನು ತಾನೇ ಹೊಂದಿಸುವ ವ್ಯವಸ್ಥೆ, ಎರಡು ಬಗೆಯಲ್ಲಿ ವರ್ತಿಸುತ್ತದೆ. ಸ್ಪೀಡ್ ಮೋಡ್‌ನಲ್ಲಿದ್ದರೆ ವೇಗ ಕುಸಿದ ಕೂಡಲೇ ತಾನೇ ಎಂಜಿನ್ ಶಕ್ತಿ ಏರಿಸುತ್ತದೆ. ಓಪನ್ ಡಿಸೆಂಟ್ ಮೋಡ್‌ನಲ್ಲಿ ಎಂಜಿನ್ ಐಡಲ್‌ನಲ್ಲೇ, ಅಂದರೆ ಕನಿಷ್ಠ ಶಕ್ತಿಯಲ್ಲೇ ಇರುತ್ತದೆ, ವೇಗ ಕಾಯುವ ಕೆಲಸ ವಿಮಾನದ ಮೂಗಿನ ಕೋನದ್ದು. 605 ಕೊನೆಯ ಹಂತದಲ್ಲಿ ಈ ಎರಡನೇ ಮೋಡ್‌ನಲ್ಲಿ ಸಿಕ್ಕಿಕೊಂಡಿತ್ತು. ಇಳಿಯುವ ದರ ಹೊಂದಿಸುವ ಗುಂಡಿಯ ಬದಲು ಎತ್ತರ ಹೊಂದಿಸುವ ಗುಂಡಿ ತಿರುಗಿಸಿರಬಹುದು ಅನ್ನೋದು ಇದಕ್ಕೆ ಕೊಡುವ ವಿವರಣೆ. ಎರಡೂ ಅಕ್ಕಪಕ್ಕದಲ್ಲೇ ಇವೆ. ಎಂಜಿನ್ ಐಡಲ್‌ನಲ್ಲಿ, ಪೈಲಟ್ ಎತ್ತರ ಉಳಿಸಿಕೊಳ್ಳಲು ಮೂಗು ಎತ್ತುತ್ತಾ ಹೋದರು, ವೇಗ ಇರಬೇಕಾದ 132 ನಾಟ್‌ನಿಂದ 106ಕ್ಕೆ ಇಳಿಯಿತು. ಕಡೆಗೆ ಪೂರ್ಣ ಶಕ್ತಿ ಕೊಟ್ಟರೂ ಜೆಟ್ ಎಂಜಿನ್ ಐಡಲ್‌ನಿಂದ ಮೇಲೆದ್ದು ಬರಲು ಕೆಲವು ಸೆಕೆಂಡ್ ಬೇಕು, ಅಷ್ಟು ಹೊತ್ತು ಉಳಿದಿರಲಿಲ್ಲ. ವಿಚಾರಣೆ ನಡೆಸಿದ್ದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಶಿವಶಂಕರ ಭಟ್. ದೇಶದ ಎ320ಗಳನ್ನೆಲ್ಲ ತಿಂಗಳುಗಟ್ಟಲೆ ನೆಲಕ್ಕೆ ಕೂರಿಸಿದ್ದರು.

ಹಾಗಂತ ರನ್‌ವೇಗೆ ಮಿತಿಯೇ ಇರಲಿಲ್ಲ ಅಂತಲ್ಲ. ನಿಲ್ದಾಣ ಸಮುದ್ರಮಟ್ಟದಿಂದ 888 ಮೀಟರ್ ಮೇಲಿದೆ, ಗಾಳಿ ತೆಳು. ಅಂತರರಾಷ್ಟ್ರೀಯ ಕೈಪಿಡಿಯ ಸ್ಥೂಲ ಲೆಕ್ಕದಂತೆ ಪ್ರತಿ 300 ಮೀ. ಎತ್ತರಕ್ಕೆ ಟೇಕಾಫ್ ಉದ್ದ 7% ಹೆಚ್ಚಬೇಕು. 888ಕ್ಕೆ ಅದು ಸುಮಾರು 20.7%. ಆಮೇಲೆ ಶಾಖ. ಈ ಎತ್ತರದ ಪ್ರಮಾಣಿತ ಉಷ್ಣತೆ 9.2 ಡಿಗ್ರಿ. ಏಪ್ರಿಲ್ ಮಧ್ಯಾಹ್ನ 33 ಅಂತಿಟ್ಟುಕೊಳ್ಳಿ, ಡಿಗ್ರಿಗೆ 1%ರಂತೆ ಇನ್ನೊಂದು 24%. ಸಮುದ್ರಮಟ್ಟದಲ್ಲಿ 2,200 ಮೀ. ಸಾಕಾಗುವ ವಿಮಾನಕ್ಕೆ ಇಲ್ಲಿ 2,200 × 1.207 × 1.24 = ಸುಮಾರು 3,290 ಮೀ. ಬೇಕು. ಅಂದರೆ ಹೆಚ್ಚು ಕಡಿಮೆ ಇಡೀ ರನ್‌ವೇ. ತಿದ್ದುಪಡಿ ಒಟ್ಟು 35% ಮೀರಿದರೆ ಪ್ರತ್ಯೇಕ ಅಧ್ಯಯನ ಮಾಡಿ ಅಂತ ಅದೇ ಕೈಪಿಡಿ ಹೇಳುತ್ತೆ, ಹಾಗಾಗಿ ಇದನ್ನು ಅಂದಾಜಾಗಿ ಮಾತ್ರ ನೋಡಿ. ಆದರೂ ವಿಷಯ ಸ್ಪಷ್ಟ. ದೇಶದೊಳಗಿನ ಎ320, 737ಗಳಿಗೆ ಯಾವ ತೊಂದರೆಯೂ ಇಲ್ಲ. ಟ್ಯಾಂಕ್ ತುಂಬ ಇಂಧನ ತುಂಬಿಕೊಂಡು ದೂರದ ಖಂಡಕ್ಕೆ ಹೊರಟ ದೊಡ್ಡ ವಿಮಾನ ಬಿಸಿಲಿನಲ್ಲಿ ಭಾರ ಇಳಿಸಿಕೊಳ್ಳಬೇಕು ಅಥವಾ ರಾತ್ರಿಯ ತಂಪಿನಲ್ಲಿ ಹೊರಡಬೇಕು. ದೇವನಹಳ್ಳಿಯಲ್ಲಿ 4,000 ಮೀ. ರನ್‌ವೇ ಹಾಕಿದ್ದಕ್ಕೆ ಇದೂ ಒಂದು ಕಾರಣ.

ಮರುಪ್ರಶ್ನೆ | ದೊಮ್ಮಲೂರು ಜಂಕ್ಷನ್

ಇಬ್ಬರಿಗೂ ಧನ್ಯವಾದ. ಹಾಗಾದರೆ ದೇಶದೊಳಗಿನ ಸೇವೆ ಇಲ್ಲೇ ಇಟ್ಟುಕೊಂಡು ಅಂತರರಾಷ್ಟ್ರೀಯ ಮಾತ್ರ ದೇವನಹಳ್ಳಿಗೆ ಕಳಿಸಬಹುದಿತ್ತಲ್ಲ? ಹೈಕೋರ್ಟಿಗೂ ಹೋಗಿದ್ದರು ಅಂತ ನೆನಪು.

ಉತ್ತರ | ಕಲಂ ಮತ್ತು ಷರತ್ತು

ಹೋಗಿದ್ದರು, ಫಲ ಸಿಗಲಿಲ್ಲ. ಕಾರಣ ರನ್‌ವೇಯಲ್ಲೂ ಇಲ್ಲ, ಟರ್ಮಿನಲ್‌ನಲ್ಲೂ ಇಲ್ಲ. ಅದು 2004ರ ಜುಲೈ 5ರ ಒಪ್ಪಂದದಲ್ಲಿದೆ.

ಹೊಸ ನಿಲ್ದಾಣದ ಮಾತು ಹಳೆಯದು. ಜಾಗ ಆರಿಸಲು ಎಸ್. ರಾಮನಾಥನ್ ನೇತೃತ್ವದ ಸಮಿತಿ ಕೂತಿದ್ದೇ 1991ರಲ್ಲಿ, ಅದು ದೇವನಹಳ್ಳಿಯನ್ನು ಸೂಚಿಸಿತು. ಹಣ ಹೂಡುವವರು ಸಿಗುವ ತನಕ ಕಡತ ಅಲ್ಲಿಂದಿಲ್ಲಿಗೆ ಓಡಾಡುತ್ತಿತ್ತು. ಕೊನೆಗೆ ಬಂದ ಕೂಟದಲ್ಲಿ ಸೀಮೆನ್ಸ್ 40%, ಜ್ಯೂರಿಕ್ ವಿಮಾನ ನಿಲ್ದಾಣ 17%, ಎಲ್ ಅಂಡ್ ಟಿ 17%. ರಾಜ್ಯದ ಕೈಗಾರಿಕಾ ನಿಗಮ ಕೆಎಸ್‌ಐಐಡಿಸಿ ಮತ್ತು ವಿಮಾನ ನಿಲ್ದಾಣ ಪ್ರಾಧಿಕಾರಕ್ಕೆ ತಲಾ 13%. ಸಾಲ ಕೊಡುವ ಬ್ಯಾಂಕು ಕೇಳುವ ಮೊದಲ ಪ್ರಶ್ನೆಯೇ "ಪ್ರಯಾಣಿಕರು ಬರುತ್ತಾರೆಂಬ ಖಾತ್ರಿ ಏನು?" ಊರ ಮಧ್ಯದಲ್ಲಿ ಹಳೇದೂ ತೆರೆದಿದ್ದರೆ 35 ಕಿ.ಮೀ. ದೂರ ಹೋಗಿ ಮುಂಬಯಿ ವಿಮಾನ ಹತ್ತುವವರು ಯಾರು? ಆ ದಿನಗಳಲ್ಲಿ ಪ್ರಯಾಣಿಕರಲ್ಲಿ ದೊಡ್ಡ ಪಾಲು ದೇಶದೊಳಗಿನವರೇ. ಅವರನ್ನು ಇಲ್ಲಿ ಉಳಿಸಿಕೊಂಡು ಅಂತರರಾಷ್ಟ್ರೀಯದವರನ್ನು ಮಾತ್ರ ಕಳಿಸಿದ್ದರೆ ಹೊಸ ನಿಲ್ದಾಣಕ್ಕೆ ಸಾಲವೇ ಹುಟ್ಟುತ್ತಿರಲಿಲ್ಲ. ಜೊತೆಗೆ ದೆಹಲಿಯಿಂದ ಬಂದು ಸಿಂಗಪುರಕ್ಕೆ ಹೋಗುವವರು ಎರಡು ನಿಲ್ದಾಣಗಳ ನಡುವೆ ನಗರ ದಾಟಬೇಕಾಗುತ್ತಿತ್ತು.

ಹಾಗಾಗಿ ಒಪ್ಪಂದದಲ್ಲಿ ಎರಡು ಬೀಗ ಹಾಕಿದರು. ಒಂದು, ಹೊಸದು ತೆರೆದ ದಿನದಿಂದ ಎಚ್‌ಎಎಲ್‌ನಲ್ಲಿ ವಾಣಿಜ್ಯ ಪ್ರಯಾಣಿಕ ಸೇವೆ ನಿಲ್ಲಬೇಕು. ಎರಡು, 25 ವರ್ಷ, ಅಂದರೆ 2033ರ ತನಕ, ವೈಮಾನಿಕ ದೂರ 150 ಕಿ.ಮೀ. ಒಳಗೆ ಸ್ಪರ್ಧೆಗೆ ಬರುವಂಥ ಇನ್ನೊಂದು ನಿಲ್ದಾಣ ಬೆಳೆಸುವಂತಿಲ್ಲ. ಮೈಸೂರು, ಹಾಸನಕ್ಕೆ ವಿನಾಯಿತಿ ಇದೆ. ತಮಿಳುನಾಡು 2024ರಲ್ಲಿ ಹೊಸೂರಿಗೆ 2,000 ಎಕರೆಯ ನಿಲ್ದಾಣ ಘೋಷಿಸಿದಾಗ ಎಲ್ಲರೂ ಎತ್ತಿ ತೋರಿಸಿದ್ದು ಈ ಎರಡನೇ ಬೀಗವನ್ನೇ.

ಹೈದರಾಬಾದಿನಲ್ಲೂ ಇದೇ ಮಾದರಿ. ಶಂಷಾಬಾದ್ ತೆರೆದ 2008ರ ಮಾರ್ಚ್ 23ಕ್ಕೆ ಬೇಗಂಪೇಟೆ ಮುಚ್ಚಿತು. ಆ ತಿಂಗಳು ಪ್ರಾಧಿಕಾರದ ನೌಕರರು ಎರಡೂ ಊರಿನ ಮುಚ್ಚುವಿಕೆ ವಿರೋಧಿಸಿ ದೇಶಾದ್ಯಂತ ಮುಷ್ಕರ ಹೂಡಿದ್ದರು. ಬೆಂಗಳೂರಿನಲ್ಲಿ ದಿನಾಂಕ ಮಾರ್ಚ್ ಕೊನೆಯಿಂದ ಮುಂದಕ್ಕೆ ಹೋಗಿ ಮೇ 24ಕ್ಕೆ ನಿಂತಿತು. 23ರ ರಾತ್ರಿಯೊಳಗೆ ಇಲ್ಲಿನ ನಿಗದಿತ ಸೇವೆ ಮುಗಿಯಿತು.

ನನ್ನ ಅಭಿಪ್ರಾಯ ಹೇಳುವುದಾದರೆ, ಮುಚ್ಚಿದ್ದು ಸರಿ, 25 ವರ್ಷದ ಎರಡನೇ ಬೀಗ ಅತಿಯಾಯಿತು. ಬೆಂಗಳೂರು ಇಷ್ಟು ಬೆಳೆಯುತ್ತದೆಂದು ಒಪ್ಪಂದ ಬರೆದವರು ಎಣಿಸಿರಲಿಲ್ಲ.

ಮತ್ತೆ ತೆರೆಯಲು ಏನೇನು ಬೇಕು ಎಂದು ಕೇಳಿದ್ದೀರಿ. ದೇವನಹಳ್ಳಿ ನಿಲ್ದಾಣ ನಡೆಸುವ ಕಂಪನಿಯ ಒಪ್ಪಿಗೆ ಬೇಕು. ಅದಾದ ಮೇಲೆ ಎಚ್‌ಎಎಲ್ ತನ್ನ ಪರೀಕ್ಷಾ ಹಾರಾಟಗಳ ನಡುವೆ ಸಮಯ ಬಿಟ್ಟುಕೊಡಬೇಕು. ಪರೀಕ್ಷಾ ಹಾರಾಟ ವೇಳಾಪಟ್ಟಿಗೆ ಬಗ್ಗುವಂಥದ್ದಲ್ಲ. ಹೊಸ ಯುದ್ಧವಿಮಾನ ತುರ್ತಾಗಿ ಹಿಂದಿರುಗಿದರೆ ಇರುವ ಒಂದೇ ರನ್‌ವೇ ಅದಕ್ಕೆ, ಉಳಿದವರು ಆಕಾಶದಲ್ಲಿ ಸುತ್ತಬೇಕು. 2019ರ ಫೆಬ್ರವರಿ 1ರಂದು ಮಿರಾಜ್ 2000 ಇದೇ ರನ್‌ವೇಯಾಚೆ ಬಿದ್ದು ಇಬ್ಬರು ಪೈಲಟ್‌ಗಳು ಸತ್ತಿದ್ದನ್ನು ಮರೆಯಬಾರದು. ಆಮೇಲೆ ಭದ್ರತೆ, ಸಾಮಾನು ತಪಾಸಣೆ, ಟರ್ಮಿನಲ್. ಇಷ್ಟರ ಜೊತೆ ವಾಯುಮಾರ್ಗ. ಎಚ್‌ಎಎಲ್, ಯಲಹಂಕ, ದೇವನಹಳ್ಳಿ ಮೂರರ ರನ್‌ವೇಗಳೂ ಪೂರ್ವ–ಪಶ್ಚಿಮ. ಎಚ್‌ಎಎಲ್‌ನಿಂದ ದೇವನಹಳ್ಳಿಗೆ ನೇರ ದೂರ 28 ಕಿ.ಮೀ. ಆಸುಪಾಸು, ನಡುವೆ ಯಲಹಂಕದ ವಾಯುಪಡೆ ನೆಲೆ. ಯಲಹಂಕದಲ್ಲಿ ಏರೋ ಇಂಡಿಯಾ ವೈಮಾನಿಕ ಪ್ರದರ್ಶನ ನಡೆಯುವ ಹೊತ್ತಿನಲ್ಲಿ ದೇವನಹಳ್ಳಿಯ ವಿಮಾನಗಳನ್ನೇ ತಡೆಯಬೇಕಾಗುತ್ತದೆ.

ಉತ್ತರ | ಅಳತೆ ಪಟ್ಟಿ

ಎತ್ತರದ ಪ್ರಶ್ನೆಗೆ ಯಾರೂ ಕೈ ಹಾಕಿಲ್ಲ, ಜನ ಹೆಚ್ಚು ದುಡ್ಡು ಕಳೆದುಕೊಳ್ಳೋದು ಅಲ್ಲೇ.

ನಿಲ್ದಾಣ ಟಿಕೆಟ್ ಮಾರದಿದ್ದರೂ ವಿಮಾನ ಹಾರುವ ತನಕ ಮಿತಿ ಇರುತ್ತೆ. ಇಷ್ಟು ಉದ್ದದ ರನ್‌ವೇಗೆ ಅನ್ವಯಿಸುವ ಅಂತರರಾಷ್ಟ್ರೀಯ ಮಾನದಂಡ ಹೀಗಿದೆ. ರನ್‌ವೇ ಸುತ್ತ 4 ಕಿ.ಮೀ. ತನಕ, ನಿಲ್ದಾಣದ ಮಟ್ಟಕ್ಕಿಂತ 45 ಮೀಟರ್ ಮೇಲೆ ಒಂದು ಅಡ್ಡ ಮೇಲ್ಮೈ ಕಲ್ಪಿಸಿಕೊಳ್ಳಿ, ಕಟ್ಟಡ ಅದನ್ನು ದಾಟಬಾರದು. ಅದರಾಚೆ ಇನ್ನೂ 2 ಕಿ.ಮೀ. ಆ ಮೇಲ್ಮೈ 5% ಇಳಿಜಾರಿನಲ್ಲಿ ಮೇಲಕ್ಕೆ ಏರುತ್ತಾ ಹೋಗುತ್ತೆ. ಇದು ಪಕ್ಕದಲ್ಲಿರುವವರ ಕಥೆ. ರನ್‌ವೇ ತುದಿಯ ನೇರದಲ್ಲಿರುವವರಿಗೆ ಇನ್ನೂ ಬಿಗಿ. ತುದಿಯಿಂದ 60 ಮೀ. ಬಿಟ್ಟು ಶುರುವಾಗುವ, ವಿಮಾನ ಇಳಿಯುವ ದಾರಿಯ ಕೆಳಗಿನ ಕಲ್ಪಿತ ಮೇಲ್ಮೈ ಮೊದಲ 3 ಕಿ.ಮೀ. ಕೇವಲ 2% ಏರುತ್ತೆ, ಮತ್ತೆ ಎರಡೂ ಬದಿಗೆ 15%ರಂತೆ ಅಗಲವಾಗುತ್ತೆ. 1.5 ಕಿ.ಮೀ. ದೂರದಲ್ಲಿ ಅದರ ಅಗಲವೇ 700 ಮೀ. ಮೀರುತ್ತೆ.

ಲೆಕ್ಕ ತಪ್ಪೋದು ಎಲ್ಲಿ ಅಂದರೆ, ಅನುಮತಿ ಪತ್ರದಲ್ಲಿ ಬರೆಯುವ ಎತ್ತರ ಸಮುದ್ರಮಟ್ಟದಿಂದ, ನಿಮ್ಮ ಸೈಟಿನ ನೆಲದಿಂದಲ್ಲ. ನಿಲ್ದಾಣ 888 ಮೀ., 45 ಸೇರಿಸಿದರೆ 933. ಪಶ್ಚಿಮಕ್ಕೆ ನಗರದ ನೆಲ ನಿಲ್ದಾಣಕ್ಕಿಂತ ಎತ್ತರ. ನಿಮ್ಮ ಸೈಟು 905 ಮೀಟರ್‌ನಲ್ಲಿದ್ದರೆ ಕೈಗೆ ಸಿಗೋದು 45 ಅಲ್ಲ, 28. ಅದರಲ್ಲಿ ಲಿಫ್ಟ್ ಕೋಣೆ, ಓವರ್‌ಹೆಡ್ ಟ್ಯಾಂಕ್, ಮಿಂಚು ಸೆಳೆಯುವ ಕಂಬಿ ಎಲ್ಲ ಸೇರಬೇಕು. ಅವಕ್ಕೆ 6 ಮೀ. ಕಳೆಯಿರಿ, ಉಳಿದ 22ರಲ್ಲಿ ಮಹಡಿಗೆ 3 ಮೀ.ರಂತೆ ಏಳೇ ಮಹಡಿ. ರನ್‌ವೇ ನೇರದಲ್ಲಿ 1.5 ಕಿ.ಮೀ. ದೂರವಾದರೆ (1,500 − 60) × 2% = 28.8 ಮೀ., ಅದೂ ರನ್‌ವೇ ತುದಿಯ ಮಟ್ಟದಿಂದ. ಸೈಟು ಆ ತುದಿಗಿಂತ 15 ಮೀ. ಎತ್ತರದಲ್ಲಿದ್ದರೆ ಉಳಿಯೋದು 13.8. ಅಲ್ಲಿ ಟ್ಯಾಂಕು, ಲಿಫ್ಟ್ ಕಳೆದು ಎಷ್ಟು ಮಹಡಿ ಅಂತ ನೀವೇ ಹೇಳಿ.

ಇನ್ನೊಂದು ಸಾಮಾನ್ಯ ತಪ್ಪು, ಫೋನಿನ ನಕ್ಷೆ ನೋಡಿ ಎತ್ತರ ಬರೆಯೋದು. ಅದು ಹಲವು ಮೀಟರ್ ಆಚೀಚೆ ಇರುತ್ತೆ. ಸರ್ವೇಯರ್ ಹತ್ತಿರ ಸೈಟಿನ ನಾಲ್ಕೂ ಮೂಲೆಯ ಅಕ್ಷಾಂಶ, ರೇಖಾಂಶ ಮತ್ತು ನೆಲಮಟ್ಟ ಅಳೆಸಿ ಪ್ರಮಾಣಪತ್ರ ತೆಗೆಸಿಕೊಳ್ಳಿ. ಅತಿ ಎತ್ತರದ ಮೂಲೆಯನ್ನೇ ಲೆಕ್ಕಕ್ಕೆ ಹಿಡಿಯಿರಿ. ಕಟ್ಟುವಾಗ ನಿಲ್ಲಿಸುವ ಕ್ರೇನ್ ಕೂಡ ಮಿತಿಯೊಳಗಿರಬೇಕು, ಇದನ್ನು ಗುತ್ತಿಗೆದಾರರಿಗೆ ಮೊದಲೇ ಹೇಳಿ. ಎಚ್‌ಎಎಲ್ ಸುತ್ತಲಿನ ಎತ್ತರಕ್ಕೆ ಆಕ್ಷೇಪಣೆ ಇಲ್ಲದ ಪತ್ರ ಎಚ್‌ಎಎಲ್‌ನಿಂದ ಬರಬೇಕು. ಯಲಹಂಕ ಸುತ್ತ ಆದರೆ ವಾಯುಪಡೆಯಿಂದ, ದೇವನಹಳ್ಳಿ ಮತ್ತು ಜಕ್ಕೂರು ಸುತ್ತ ಆದರೆ ವಿಮಾನ ನಿಲ್ದಾಣ ಪ್ರಾಧಿಕಾರದಿಂದ. ಎರಡರ ವ್ಯಾಪ್ತಿ ಒಂದರ ಮೇಲೊಂದು ಬಿದ್ದರೆ ಎರಡೂ ಪತ್ರ ಬೇಕು, ಕಡಿಮೆ ಎತ್ತರವೇ ಅಂತಿಮ. ಮೀರಿ ಕಟ್ಟಿದ್ದನ್ನು ಒಡೆಸಲು ನಿಯಮಗಳೇ ಇವೆ. ಫ್ಲ್ಯಾಟ್ ಕೊಳ್ಳುವವರು ಪತ್ರದಲ್ಲಿರುವ ಅಂಕಿಗೂ ಕಟ್ಟಿದ ತುದಿಗೂ ತಾಳೆ ನೋಡಿ ಸಹಿ ಹಾಕಿ.

ಉತ್ತರ | ಹ್ಯಾಂಗರ್ ಬಾಗಿಲು

ಹಳೇ ದಾಖಲೆ ಹುಡುಕುವವರಿಗೆ ಒಂದು ಸೂಚನೆ ಸೇರಿಸುತ್ತೇನೆ. ಟಿಕೆಟ್ ಮೇಲಿನ ಮೂರಕ್ಷರದ ಸಂಕೇತ ಬಿಎಲ್‌ಆರ್ 2008ರ ಮೇ 24ರಂದು ದೇವನಹಳ್ಳಿಗೆ ಹೋಯಿತು. ಪೈಲಟ್‌ಗಳು ಬಳಸುವ ನಾಲ್ಕಕ್ಷರದ್ದು ಹೋಗಲಿಲ್ಲ. ಎಚ್‌ಎಎಲ್ ಇವತ್ತಿಗೂ ವಿಒಬಿಜಿ, ದೇವನಹಳ್ಳಿ ವಿಒಬಿಎಲ್. ಹಾಗಾಗಿ 2006ರ ವೇಳಾಪಟ್ಟಿಯಲ್ಲಿ ಬಿಎಲ್‌ಆರ್ ಎಂದಿದ್ದರೆ ಅದು ಹಳೇ ಏರ್‌ಪೋರ್ಟ್ ರಸ್ತೆಯ ನಿಲ್ದಾಣ, 2009ರದ್ದಾದರೆ ದೇವನಹಳ್ಳಿ. ಕೆಲವು ವಿಮಾನಯಾನ ತಾಣಗಳು ಹಳೇ ಘಟನೆಗಳನ್ನೂ ಬಿಎಲ್‌ಆರ್ ನೋಡಿ ದೇವನಹಳ್ಳಿಯ ನಕ್ಷೆಗೆ ಅಂಟಿಸಿಬಿಡುತ್ತವೆ, 1990ರ ಅಪಘಾತವನ್ನೂ ಸೇರಿಸಿ. ರನ್‌ವೇ 10,850 ಅಡಿ ಎಂದಿದೆಯೋ 4,000 ಮೀಟರ್ ಎಂದಿದೆಯೋ ನೋಡಿದರೆ ಯಾವುದೆಂದು ಗೊತ್ತಾಗುತ್ತದೆ. ಮಾರುತ್, ಎಚ್‌ಟಿ–2 ಕಣ್ಣಾರೆ ನೋಡಬೇಕಿದ್ದರೆ ಅದೇ ರಸ್ತೆಯಲ್ಲಿ 2001ರಲ್ಲಿ ತೆರೆದ ಎಚ್‌ಎಎಲ್ ಪರಂಪರೆ ಕೇಂದ್ರಕ್ಕೆ ಹೋಗಿ. ರನ್‌ವೇ ಕಡೆಗೆ ಮಾತ್ರ ಕ್ಯಾಮೆರಾ ತಿರುಗಿಸಬೇಡಿ, ಡ್ರೋನ್ ಅಂತೂ ಬೇಡವೇ ಬೇಡ. ಅದು ರಕ್ಷಣಾ ಪ್ರದೇಶ.